ಇಪ್ಪತ್ತೆರಡು ಶ್ರುತಿ ಸೇರಿಸಿದರೂ ಮೀಂಡ್ ಉಳಿಯದು

ಅಥಣಿ, ಕಾಗವಾಡ, ರಾಯಬಾಗದ ಕಡೆಯ ಸಣ್ಣ ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ಈಗ ಒಂದು ರೂಢಿ ಗಟ್ಟಿಯಾಗಿ ನೆಲೆಯೂರಿದೆ. ಜನಪದ ಹಾಡಿರಲಿ, ಭಜನಾ ಪದವಿರಲಿ, ದನಿಗೆ ಆಟೋಟ್ಯೂನ್ ಎಂಬ ಸ್ವರ ತಿದ್ದುವ ಪ್ಲಗಿನ್ ಹಚ್ಚದೆ ಯೂಟ್ಯೂಬಿಗೆ ಬಿಡುವುದು ಕಡಿಮೆ. ಹಚ್ಚಿದ ಮೇಲೆ ದನಿಯ ಜಾರು, ಎಳೆತ, ನಡುಕ ಎಲ್ಲ ಹೋಗಿಬಿಟ್ಟವು ಎಂದು ಯಾರಾದರೂ ತಕರಾರು ಎತ್ತಿದರೆ ಸಿಗುವ ಉತ್ತರವೂ ಒಂದೇ: "ಅದು ಹೊರದೇಶದವರು ಮಾಡಿದ್ದರೀ. ಅದರಾಗ ನಮ್ಮ ಶ್ರುತಿ ಇಲ್ಲ. ನಮ್ಮ ಇಪ್ಪತ್ತೆರಡು ಶ್ರುತಿ ಹಾಕಿ ಮಾಡಿದ್ರ ಎಲ್ಲಾ ಸರಿ ಆಗತೈತಿ." ಸ್ಟುಡಿಯೊ ನಡೆಸುವ ಹುಡುಗರು ಹೀಗೆ ಹೇಳುತ್ತಾರೆ, ಸಂಗೀತ ಕಲಿಸುವ ಮಾಸ್ತರರು ಹೀಗೆ ಹೇಳುತ್ತಾರೆ, ಭಾರತೀಯ ಸಂಗೀತಕ್ಕೆಂದೇ ಸಾಫ್ಟ್‌ವೇರ್ ಬರೆಯಹೊರಟವರೂ ಮೊದಲು ಇದನ್ನೇ ಹೇಳುತ್ತಾರೆ. ಎಲ್ಲರೂ ಒಪ್ಪಿದ ಈ ಮಾತು ತಪ್ಪು ಎಂಬುದು ನನ್ನ ವಾದ. ಕೊರತೆ ಇರುವುದು ಸ್ವರಗಳ ಯಾದಿಯಲ್ಲಿ ಅಲ್ಲವೇ ಅಲ್ಲ. ಆ ಪ್ಲಗಿನ್‌ನ ನಾಬ್‌ಗಳನ್ನು ಒಮ್ಮೆ ತಿರುಗಿಸಿಟ್ಟು ಮರೆತುಬಿಡಲಿ ಎಂದು ರೂಪಿಸಿದ್ದಾರೆ. ಹಾಡು ನಡೆಯುತ್ತಿರುವಷ್ಟು ಹೊತ್ತೂ ಕೈಯಲ್ಲಿ ಹಿಡಿದು ನಡೆಸಲಿ ಎಂದು ರೂಪಿಸಿಲ್ಲ. ಕೆಡುಕು ಅಲ್ಲಿಂದ ಬರುತ್ತದೆ.

ಯಾದಿಯ ವಿಷಯವನ್ನೇ ಮೊದಲು ನೋಡೋಣ. ಆಟೋಟ್ಯೂನ್‌ನ ಸ್ಕೇಲ್ ಮೆನುವಿನಲ್ಲಿ ಮೇಜರ್, ಮೈನರ್, ಕ್ರೊಮ್ಯಾಟಿಕ್‌ಗಳ ಕೆಳಗೆ ಗ್ರೀಕ್, ಅರಬ್ಬಿ, ಜಾವಾದ ಸ್ಲೆಂಡ್ರೊ, ಪೆಲೊಗ್ ಎಂದು ಉದ್ದ ಸಾಲು ಇದೆ. ಆ ಸಾಲಿನಲ್ಲಿ 'ಇಂಡಿಯನ್' ಎಂಬ ಇಪ್ಪತ್ತೆರಡು ಸ್ವರಗಳ ಸ್ಕೇಲ್ ಬಹಳ ಹಿಂದಿನಿಂದಲೂ ಕೂತಿದೆ. ಬೇಡುತ್ತಿರುವ ವಸ್ತು ಮೆನುವಿನಲ್ಲೇ ಇದ್ದೂ ಯಾರೂ ಅದನ್ನು ಬಳಸಿ ಹಾಡು ಉಳಿಸಿಕೊಂಡಿಲ್ಲ. ಏಕೆಂದು ತಿಳಿಯಬೇಕಾದರೆ ಯಂತ್ರ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಆಟೋಟ್ಯೂನ್ ಬಂದದ್ದು 1997ರಲ್ಲಿ. ಅದನ್ನು ಕಟ್ಟಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ಹುಡುಕುವ ಉದ್ಯಮಕ್ಕಾಗಿ ನೆಲದೊಳಗಿಂದ ಮರಳಿ ಬರುವ ಕಂಪನಗಳ ಲೆಕ್ಕ ಮಾಡುತ್ತಿದ್ದವರು. ಅಲೆಯೊಂದು ಎಷ್ಟು ಹೊತ್ತಿಗೊಮ್ಮೆ ತನ್ನನ್ನೇ ಮರುಕಳಿಸುತ್ತದೆ ಎಂದು ಕಂಡುಹಿಡಿಯುವ ಆ ಗಣಿತ ದನಿಯ ಸ್ವರ ಅಳೆಯುವುದಕ್ಕೂ ಒದಗಿತು. ಪ್ಲಗಿನ್ ಮೊದಲು ಹಾಡುಗಾರನ ದನಿ ಎಲ್ಲಿದೆ ಎಂದು ಅಳೆಯುತ್ತದೆ. ತನ್ನ ಯಾದಿಯಲ್ಲಿ ಅದಕ್ಕೆ ತೀರ ಹತ್ತಿರದ ಸ್ವರ ಯಾವುದೆಂದು ನೋಡುತ್ತದೆ. ಆಮೇಲೆ ದನಿಯನ್ನು ಅಲ್ಲಿಗೆ ಎಳೆಯುತ್ತದೆ. ಎಷ್ಟು ಬೇಗ ಎಳೆಯಬೇಕು ಎಂದು ಹೇಳುವ ನಾಬ್‌ಗೆ ರಿಟ್ಯೂನ್ ಸ್ಪೀಡ್ ಎಂದು ಹೆಸರು; ಹಲವು ಆವೃತ್ತಿಗಳಲ್ಲಿ ಅದರ ಹರವು 0ಯಿಂದ 400 ಮಿಲಿಸೆಕೆಂಡ್. 0ಗೆ ಇಟ್ಟರೆ ದನಿ ಸ್ವರದಿಂದ ಸ್ವರಕ್ಕೆ ನಡುವೆ ಏನೂ ಇಲ್ಲದಂತೆ ಜಿಗಿಯುತ್ತದೆ. ಶೇರ್ ಎಂಬ ಗಾಯಕಿಯ 1998ರ 'ಬಿಲೀವ್' ಹಾಡಿನಿಂದ ಜಗತ್ತಿಗೆ ಪರಿಚಯವಾದದ್ದು ಆ ಜಿಗಿತವೇ.

ಈಗ ಭೀಮಪಲಾಸ ರಾಗದ ಒಂದು ಮೀಂಡ್, ಅಂದರೆ ಜಾರುವ ಎಳೆತ, ತೆಗೆದುಕೊಳ್ಳಿ. ಮಧ್ಯಮದಿಂದ ಕೋಮಲ ಗಾಂಧಾರಕ್ಕೆ ಜಾರಿ ಬರುವುದು. ರಾಗದ ಜೀವವೇ ಅಲ್ಲಿದೆ. ಪ್ಲಗಿನ್ ಕ್ರೊಮ್ಯಾಟಿಕ್‌ನಲ್ಲಿದ್ದರೆ ಆ ಜಾರು ದಾರಿಯ ನಡುವೆ ಒಂದು ಮೆಟ್ಟಿಲು ಮೂಡುತ್ತದೆ, ಮತ್ತು ಆ ಮೆಟ್ಟಿಲು ಶುದ್ಧ ಗಾಂಧಾರ. ಭೀಮಪಲಾಸದಲ್ಲಿ ಇರಲೇಬಾರದ ಸ್ವರ! ಹಾಡಿದವಳು ಅದರ ಮೇಲೆ ನಿಂತಿರಲಿಲ್ಲ, ಹಾದುಹೋಗಿದ್ದಳು ಅಷ್ಟೆ. ಯಂತ್ರ ಅವಳನ್ನು ಅಲ್ಲಿ ನಿಲ್ಲಿಸಿತು. ಏಳೇ ಸ್ವರಗಳ ಸ್ಕೇಲ್ ಆರಿಸಿದರೆ ಶುದ್ಧ ಗಾಂಧಾರ ಹೋಗುತ್ತದೆ, ಜೊತೆಗೆ ಜಾರೂ ಹೋಗಿ ಒಂದೇ ನೆಗೆತ ಉಳಿಯುತ್ತದೆ. ಇಪ್ಪತ್ತೆರಡು ಶ್ರುತಿ ಹಾಕಿದರೇನು? ಒಂದು ಸಪ್ತಕವನ್ನು 1200 ಸೆಂಟ್ ಎಂದು ಅಳೆಯುವ ಲೆಕ್ಕದಲ್ಲಿ ಮಧ್ಯಮ ಸುಮಾರು 498ರಲ್ಲಿದೆ. ಅಲ್ಲಿಂದ ಇಳಿಯುವಾಗ 408ರಲ್ಲೊಂದು, 386ರಲ್ಲೊಂದು ಎಂದು ಶುದ್ಧ ಗಾಂಧಾರದ ಎರಡು ಶ್ರುತಿಗಳು, ಆಮೇಲೆ 316 ಮತ್ತು 294ರ ಸುತ್ತ ಕೋಮಲ ಗಾಂಧಾರದ ಎರಡು. ಒಂದು ತಪ್ಪು ಮೆಟ್ಟಿಲಿದ್ದ ಕಡೆ ಎರಡಾದವು. ಯಾದಿ ಉದ್ದವಾದಷ್ಟೂ ಜಾರು ಹೆಚ್ಚು ತುಂಡಾಗುತ್ತದೆ. ದರಬಾರಿಯ ಗಾಂಧಾರದ ಪಾಡು ಇನ್ನೂ ಕಷ್ಟದ್ದು. ಅದು ನಿಲ್ಲದೆ ಮೆಲ್ಲಗೆ ತೂಗುವ ಸ್ವರ. ಅದಕ್ಕೆ ಎಷ್ಟು ನಿಖರವಾದ ಸ್ಥಾನ ಕೊಟ್ಟರೂ, ಸ್ಥಾನ ಕೊಟ್ಟದ್ದೇ ಅದರ ತೂಗಾಟಕ್ಕೆ ಕುತ್ತು.

ಅಥಣಿಯವರಿಗೆ ಈ ಪಾಠ ಹೊಸದಾಗಿರಬೇಕಿಲ್ಲ. ಕಾಗವಾಡ ದಾಟಿದರೆ ಮೀರಜ್, ಅದರ ಮಗ್ಗುಲಲ್ಲೇ ಸಾಂಗಲಿ. ನೂರು ವರ್ಷಕ್ಕೂ ಹಿಂದೆ ಇದೇ ಪ್ರಯೋಗ ಅಲ್ಲಿ ನಡೆದುಹೋಗಿದೆ. ಸಾಂಗಲಿಯಲ್ಲಿದ್ದ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ ಇಪ್ಪತ್ತೆರಡು ಶ್ರುತಿಗಳನ್ನು ಅಳೆದು 1910ರಲ್ಲಿ ಪುಸ್ತಕ ಪ್ರಕಟಿಸಿದರು. ಆ ಅಳತೆಗೆ ದನಿ ಕೊಟ್ಟವರು ಮೀರಜಿನಲ್ಲಿ ನೆಲೆಸಿದ್ದ ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನ್. ಕುಂದಗೋಳದ ಸವಾಯಿ ಗಂಧರ್ವರ ಗುರು, ಆ ದಾರಿಯಾಗಿ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಮೂಲಪುರುಷ. ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ದೇವಲರ ಜೊತೆ ಸೇರಿದರು. ಲಂಡನ್ನಿನ ಕೀತ್ ಮೂರ್ ಎಂಬಾತ 1911ರಲ್ಲಿ ಅವರಿಗಾಗಿ ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಂ ಮಾಡಿಕೊಟ್ಟ. 1916ರಲ್ಲಿ ಬರೋಡಾದ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನದ ಮುಂದೆ ಅದನ್ನು ಇಟ್ಟರು. ಸಂಗೀತಶಾಸ್ತ್ರಜ್ಞ ಭಾತಖಂಡೆ ಮೊದಲಾದವರ ಒಪ್ಪಿಗೆ ಸಿಗಲಿಲ್ಲ. ಇಂದು ನಮ್ಮ ಊರುಗಳ ಭಜನಾ ಮೇಳಗಳಲ್ಲಿ, ಶ್ರೀಕೃಷ್ಣ ಪಾರಿಜಾತದ ಆಟಗಳಲ್ಲಿ ಉಳಿದಿರುವುದು ಹನ್ನೆರಡೇ ಸ್ವರದ ಸಾದಾ ಹಾರ್ಮೋನಿಯಂ ಪೇಟಿ. ದೇವಲರ ಶ್ರದ್ಧೆಯ ಮೇಲೆ ನನಗೆ ಅಪಾರ ಗೌರವವಿದೆ. ಅಷ್ಟು ತಾಳ್ಮೆಯಿಂದ ಕಿವಿಗೊಟ್ಟು ಅಳೆದವರು ಕಡಿಮೆ. ಆದರೆ ಅವರು ಬಿಡಿಸಹೊರಟ ಗಂಟು ಬೇರೆ ಕಡೆ ಇತ್ತು. ಮನೆಗಳ ಸಂಖ್ಯೆ ಹೆಚ್ಚಿಸಿದರೆ ಪೇಟಿ ಜಾರುವುದಿಲ್ಲ.

ಇದರ ಎದುರು ತುದಿಯ ತಪ್ಪನ್ನು ಆಕಾಶವಾಣಿ ಮಾಡಿತು. ಮೀಂಡ್ ತೆಗೆಯದ ವಾದ್ಯವೆಂದು 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. 1950ರಲ್ಲಿ ಶುರುವಾದ ಧಾರವಾಡ ಕೇಂದ್ರದ ಮೊದಲ ಎರಡು ದಶಕವೂ ಆ ನಿಷೇಧದಲ್ಲೇ ಕಳೆಯಿತು. 1971ರಲ್ಲಿ ಅದು ಸಡಿಲಾಯಿತು. ಆಟೋಟ್ಯೂನ್ ಹಚ್ಚಿದ್ದನ್ನು ಹಾಡೆಂದೇ ಎಣಿಸಬಾರದು ಎನ್ನುವವರು ಇಂದು ಅದೇ ಜಾಗದಲ್ಲಿ ನಿಂತಿದ್ದಾರೆ. ಅವರ ಜೊತೆ ಹೆಚ್ಚು ಹೊತ್ತು ವಾದ ಮಾಡುವ ಅಗತ್ಯವಿಲ್ಲ. ನಿಷೇಧವಿದ್ದ ಮೂವತ್ತು ವರ್ಷವೂ ನಮ್ಮ ಗುಡಿ ಮಠಗಳಲ್ಲಿ ಪೇಟಿ ನುಡಿಯುತ್ತಲೇ ಇತ್ತು, ಮತ್ತು ಹಾಡು ಕೆಟ್ಟಿರಲಿಲ್ಲ.

ಏಕೆ ಕೆಡಲಿಲ್ಲ ಎಂಬುದರಲ್ಲೇ ಉತ್ತರವಿದೆ. ಒಳ್ಳೆಯ ಪೇಟಿ ಮಾಸ್ತರ ಹಾಡುಗಾರನ ಹಿಂದೆ ಕೂತಾಗ ಕೈಯನ್ನು ಗಮನಿಸಿ. ಹಾಡುಗಾರ ಷಡ್ಜದ ಮೇಲೋ ಪಂಚಮದ ಮೇಲೋ ಬಂದು ನಿಂತಾಗ ಮಾಸ್ತರ ಆ ಸ್ವರವನ್ನು ತುಂಬಿ ಕೊಡುತ್ತಾನೆ, ಎಡಗೈಯಲ್ಲಿ ಗಾಳಿ ಹೆಚ್ಚಿಸುತ್ತಾನೆ. ದನಿ ಜಾರತೊಡಗಿದ ಕೂಡಲೇ ಬೆರಳು ಹಗುರಾಗುತ್ತದೆ, ಗಾಳಿ ಇಳಿಯುತ್ತದೆ. ಜಾರು ಮುಗಿಯುವ ಸ್ವರದ ಹತ್ತಿರ ಮೊದಲೇ ಹೋಗಿ ಕಾದು ನಿಲ್ಲುತ್ತಾನೆ. ಅವನ ವಾದ್ಯಕ್ಕೆ ಮೀಂಡ್ ಬರುವುದಿಲ್ಲ ಎಂಬುದು ಅವನಿಗೆ ಗೊತ್ತು. ಆದ್ದರಿಂದಲೇ ಎಲ್ಲಿ ಸುಮ್ಮನಿರಬೇಕೆಂದು ಕಲಿತಿದ್ದಾನೆ. ಸ್ವರ ತಿದ್ದುವ ಪ್ಲಗಿನ್ ಮಾಡಬೇಕಾದದ್ದೂ ಇದೇ ಸಾಥ್‌ನ ಕೆಲಸ. ಎಷ್ಟು ತಿದ್ದಬೇಕು ಎಂಬ ಒಂದೇ ಅಂಕಿಯಿಂದ ಅದು ಆಗುವುದಿಲ್ಲ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ಹಾಡಿನುದ್ದಕ್ಕೂ ಬದಲಾಗುತ್ತಿರಬೇಕು. ಸ್ಟುಡಿಯೊ ಭಾಷೆಯಲ್ಲಿ ಇದಕ್ಕೆ ಆಟೊಮೇಷನ್ ಎನ್ನುತ್ತಾರೆ. ನಾಬ್‌ನ ಚಲನೆಯನ್ನು ಕಾಲದ ಜೊತೆ ಬರೆದಿಟ್ಟುಕೊಂಡು, ಮರಳಿ ನುಡಿಸಿದಾಗ ಯಂತ್ರವೇ ಹಾಗೆ ತಿರುಗಿಸುವುದು.

ಆಟೊಮೇಷನ್ ಈಗಲೂ ಇದೆಯಲ್ಲ, ರಿಟ್ಯೂನ್ ಸ್ಪೀಡ್ ನಾಬ್‌ಗೂ ಅದನ್ನು ಹಚ್ಚಬಹುದಲ್ಲ ಎಂದು ಕೇಳುವವರಿದ್ದಾರೆ. ಹಚ್ಚಬಹುದು. ಹಚ್ಚಲು ಕೂತರೆ ತಿಳಿಯುತ್ತದೆ ಅದು ಆ ಕೆಲಸಕ್ಕೆಂದು ಮಾಡಿದ್ದಲ್ಲ ಎಂದು. ಸ್ಟೈನ್‌ಬರ್ಗ್ 1996ರಲ್ಲಿ ತಂದ ವಿಎಸ್‌ಟಿ ಎಂಬ ಪ್ಲಗಿನ್ ಕಟ್ಟಳೆಯಲ್ಲಿ, ಈಗ ಚಾಲ್ತಿಯಲ್ಲಿರುವ 2008ರ ವಿಎಸ್‌ಟಿ 3ರಲ್ಲೂ, ಪ್ರತಿ ನಾಬ್‌ನ ಬೆಲೆ ಹಾಡು ಮುದ್ರಿಸುವ ಹೊರಗಿನ ಸಾಫ್ಟ್‌ವೇರ್‌ಗೆ ತಲುಪುವುದು 0 ಮತ್ತು 1ರ ನಡುವಿನ ಅಂಕಿಯಾಗಿ. ಸೆಂಟ್ ಇರಲಿ, ಮಿಲಿಸೆಕೆಂಡ್ ಇರಲಿ, ಡೆಸಿಬೆಲ್ ಇರಲಿ, ಎಲ್ಲ ಅಲ್ಲಿಗೆ ಬಂದಾಗ ದಶಾಂಶವಾಗುತ್ತವೆ. ಇದು ಯಾವ ಪಕ್ಷವನ್ನೂ ಹಿಡಿಯದ ಏರ್ಪಾಡು ಎಂದು ತಂತ್ರಜ್ಞರು ನಂಬುತ್ತಾರೆ. ಆದರೆ 0–400 ಮಿಲಿಸೆಕೆಂಡನ್ನು ಸರಳ ರೇಖೆಯಲ್ಲಿ 0–1ಕ್ಕೆ ಹಾಸಿದರೆ, ದನಿಯ ಗುಣ ನಿಜಕ್ಕೂ ಬದಲಾಗುವ ಮೊದಲ 50 ಮಿಲಿಸೆಕೆಂಡ್ ನಾಬ್‌ನ ಎಂಟನೇ ಒಂದು ಪಾಲಿನಲ್ಲಿ ಮುದುಡಿ ಕೂರುತ್ತದೆ; ಉಳಿದ ಏಳು ಪಾಲು ತಿರುಗಿಸಿದರೂ ಕಿವಿಗೆ ಅಷ್ಟಾಗಿ ಏನೂ ಆಗುವುದಿಲ್ಲ. ಅಂಥ ನಾಬನ್ನು ಹಾಡಿನ ಜೊತೆ ಕೈಯಲ್ಲಿ ನಡೆಸುವುದು ಆಗದ ಮಾತು. ರೇಖೆಯನ್ನು ಬಾಗಿಸಿ, ಕಿವಿಗೆ ಮುಖ್ಯವಾದ ಭಾಗಕ್ಕೆ ಹೆಚ್ಚು ಜಾಗ ಕೊಡುವ ಸೌಲಭ್ಯ ಪ್ಲಗಿನ್ ಬರೆಯುವವರ ಕೈಯಲ್ಲಿದೆ. ಜೂಸ್ ಎಂಬ, ಬಹಳ ಜನ ಬಳಸುವ ಚೌಕಟ್ಟಿನಲ್ಲಿ ಅದು ಒಂದೇ ಅಂಕಿಯ ಕೆಲಸ. ಆ ಬಾಗು ಎಲ್ಲಿರಬೇಕೆಂದು ತೀರ್ಮಾನಿಸುವವನು ಸಂಗೀತದ ತೀರ್ಪು ಕೊಡುತ್ತಿದ್ದಾನೆ. ಅವನು ತನ್ನನ್ನು ಬರೀ ಪ್ರೋಗ್ರಾಮರ್ ಎಂದುಕೊಂಡಿರುತ್ತಾನೆ, ಹಾಗಾಗಿ ಆ ತೀರ್ಪು ಬಹಳ ಸಲ ಲಕ್ಷ್ಯವಿಲ್ಲದೆ ಬೀಳುತ್ತದೆ.

ಇನ್ನೊಂದು ಅಪಾಯ ಇದೇ ದಶಾಂಶದಲ್ಲಿ ಅಡಗಿದೆ, ಮತ್ತು ಇದು ಇಪ್ಪತ್ತೆರಡು ಶ್ರುತಿ ಸೇರಿಸಬೇಕೆನ್ನುವವರು ಕೇಳಲೇಬೇಕಾದದ್ದು. ಸ್ವರಗಳ ಮೆನು ಕೂಡ 0–1ರ ಒಳಗೇ ಹಂಚಿಹೋಗಿರುತ್ತದೆ. ಹನ್ನೆರಡು ಮನೆಗಳಿದ್ದ ಮೆನುವನ್ನು ಹೊಸ ಆವೃತ್ತಿಯಲ್ಲಿ ಇಪ್ಪತ್ತೆರಡು ಮಾಡಿದರೆ ಹಳೆಯ ಹಾಡುಗಳಲ್ಲಿ ಬರೆದಿಟ್ಟ ಆಟೊಮೇಷನ್ ಗೆರೆ ಅದೇ ದಶಾಂಶದಲ್ಲಿ ನಿಂತಿರುತ್ತದೆ, ಅದರ ಕೆಳಗಿನ ಸ್ವರ ಮಾತ್ರ ಬದಲಾಗಿರುತ್ತದೆ. ಕಳೆದ ವರ್ಷದ ಹಾಡನ್ನು ತೆರೆದರೆ ಬೇರೆ ಹಾಡು ಕೇಳಿಸುತ್ತದೆ. ಬಿಟ್‌ವಿಗ್ ಮತ್ತು ಯು-ಹೀ ಕಂಪನಿಗಳು 2022ರಲ್ಲಿ ಹೊರತಂದ ಕ್ಲ್ಯಾಪ್ ಎಂಬ ಮುಕ್ತ ಕಟ್ಟಳೆ ಇಲ್ಲಿ ಮೇಲು. ಅದರಲ್ಲಿ ನಾಬ್‌ನ ಬೆಲೆ ತನ್ನ ನಿಜವಾದ ಅಳತೆಯಲ್ಲೇ ಹೋಗುತ್ತದೆ. ಬರೆದಿಟ್ಟ ಗೆರೆಯನ್ನು ಅಳಿಸದೆ ಅದರ ಮೇಲೆ ಕ್ಷಣಕಾಲದ ಏರಿಳಿತ ಕೊಡುವುದಕ್ಕೂ ಪ್ರತ್ಯೇಕ ದಾರಿ ಇದೆ, ಒಂದೊಂದು ಸ್ವರಕ್ಕೂ ಬೇರೆ ಬೇರೆಯಾಗಿ.

ಮೆಲೊಡೈನ್‌ನಂಥ ಸಾಫ್ಟ್‌ವೇರ್‌ನಲ್ಲಿ ಸ್ವರಗಳ ಗೆರೆಯನ್ನೇ ಪರದೆಯ ಮೇಲೆ ಕಂಡು ಒಂದೊಂದನ್ನೂ ಕೈಯಿಂದ ತಿದ್ದಬಹುದು, ಅದಿರುವಾಗ ನಾಬ್ ನಡೆಸುವ ರಗಳೆ ಏಕೆ ಎಂಬ ಆಕ್ಷೇಪ ಗಂಭೀರವಾದದ್ದು. ನಾನು ಅದನ್ನು ಒಪ್ಪದಿರಲು ಕಾರಣ ಕಣ್ಣು. ಪರದೆಯ ಮೇಲೆ ದನಿ ಗೆರೆಯಾದ ಕೂಡಲೇ ತಿದ್ದುವವನು ನೋಡತೊಡಗುತ್ತಾನೆ, ಕೇಳುವುದು ಹಿಂದೆ ಬೀಳುತ್ತದೆ. ಅಡ್ಡಗೆರೆಗಳ ನಡುವೆ ಸೊಟ್ಟಗೆ ಕಾಣುವುದೆಲ್ಲ ತಪ್ಪೆನಿಸುತ್ತದೆ. ತಾರಷಡ್ಜಕ್ಕೆ ಏರುವ ಮೊದಲು ಡೊಳ್ಳಿನ ಹಾಡುಗಾರ ಕೆಳಗಿನಿಂದ ದನಿಯನ್ನು ಎತ್ತಿ ತರುವ ಬಗೆ ಚಿತ್ರದಲ್ಲಿ ಬೇಸುರಾಗಿಯೇ ಕಾಣುತ್ತದೆ. ಕಿವಿಗೆ ಅದು ಬಲ. ಕಣ್ಣಿಗೆ ಒಪ್ಪಲೆಂದು ಅದನ್ನು ನೆಟ್ಟಗೆ ಮಾಡಿದ ಹಾಡುಗಳು ನಮ್ಮ ಸುತ್ತ ಬೇಕಾದಷ್ಟಿವೆ. ಸಾಥ್ ಮಾಡುವ ಕೈಗೆ ಚಿತ್ರ ಕಾಣಬೇಕಿಲ್ಲ.

ನನಗೆ ಬೇಕಾದ ಪ್ಲಗಿನ್‌ನ ಮುಖದ ಮೇಲೆ ದೊಡ್ಡದಾಗಿ ಇರಬೇಕಾದದ್ದು ಒಂದೇ ಹಿಡಿಕೆ, 'ಆಸರೆ' ಎಂಬ ಹೆಸರಿನದು. ಒಂದು ತುದಿಯಲ್ಲಿ ಹಾಡಿದ ದನಿ ಹಾಡಿದ ಹಾಗೆಯೇ ಇರುತ್ತದೆ, ಇನ್ನೊಂದು ತುದಿಯಲ್ಲಿ ಸ್ವರ ಪೂರ್ತಿ ಹಿಡಿತದಲ್ಲಿರುತ್ತದೆ. ತೆರೆದಾಗ ಅದು ಸೊನ್ನೆಯಲ್ಲಿರಬೇಕು. ಈಗಿನ ಬಹುತೇಕ ಪ್ಲಗಿನ್‌ಗಳು ತೆರೆದ ಗಳಿಗೆಯಿಂದಲೇ ಕ್ರೊಮ್ಯಾಟಿಕ್‌ನಲ್ಲಿ ತಿದ್ದತೊಡಗುತ್ತವೆ. ಬೇಡವೆಂದರೆ ನಾವೇ ನಿಲ್ಲಿಸಬೇಕು. ಈ ಕ್ರಮ ತಲೆಕೆಳಗಾಗಲಿ. ಹಿಡಿಕೆಯನ್ನು ಒತ್ತಿದಾಗ ಮಾತ್ರ ಆಸರೆ, ಬಿಟ್ಟರೆ ಮೆಲ್ಲಗೆ ಸೊನ್ನೆಗೆ ಮರಳಲಿ. ಆಟೊಮೇಷನ್‌ನ ಟಚ್ ಎಂಬ ವಿಧಾನದಲ್ಲಿ ಹೀಗೆ ಮರಳುವುದು ಸಾಧ್ಯ, ಆದರೆ ಅದಕ್ಕೆ ಪ್ಲಗಿನ್ 'ಹಿಡಿದೆ', 'ಬಿಟ್ಟೆ' ಎಂಬ ಎರಡು ಸುದ್ದಿಯನ್ನು ಹೊರಗಿನ ಸಾಫ್ಟ್‌ವೇರ್‌ಗೆ ತಪ್ಪದೆ ತಲುಪಿಸಬೇಕು. ಬರೆಯುವವರು ಈ ಎರಡು ಸಾಲನ್ನು ಮರೆತರೆ ಬಳಸುವವನ ಕೈ ಬಿಟ್ಟದ್ದು ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಹಿಡಿಕೆಯನ್ನು ಮೌಸ್‌ಗೆ ಕಟ್ಟಿಹಾಕುವುದೂ ಬೇಡ. ಕೀಬೋರ್ಡ್ ಇಲ್ಲದ ಸ್ಟುಡಿಯೊ ನಮ್ಮಲ್ಲಿಲ್ಲ. ಅದರ ಎಡಬದಿಯ ಮಾಡ್ಯುಲೇಷನ್ ಚಕ್ರಕ್ಕೆ, ಇಲ್ಲವೇ ಕಾಲಿನ ಪೆಡಲ್‌ಗೆ ಅದು ಹುಟ್ಟಾ ಜೋಡಣೆಯಾಗಿಯೇ ಬರಲಿ. ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ 1983ರ ಮಿಡಿ ಪದ್ಧತಿಯಲ್ಲಿ ಆ ಚಕ್ರಕ್ಕೆ ಸಾಮಾನ್ಯವಾಗಿ 128 ಮೆಟ್ಟಿಲು ಮಾತ್ರ. ಸ್ವರವನ್ನೇ ಜಾರಿಸುವುದಕ್ಕೆ ಅದು ಸಾಲದು, ಆಸರೆಯ ಪ್ರಮಾಣಕ್ಕೆ ಧಾರಾಳ ಸಾಕು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೋಗುವಾಗ ಕರಕರ ಸದ್ದು ಬಾರದಂತೆ ಒಳಗೆ ನಯಗೊಳಿಸಿದರಾಯಿತು.

ಎಲ್ಲ ನಾಬ್‌ಗಳಿಗೂ ಆಟೊಮೇಷನ್ ಇರಬೇಕು ಎಂಬುದು ಈ ಕಸುಬಿನ ಇನ್ನೊಂದು ಮಂತ್ರ. ಅದನ್ನೂ ಬಿಡಬೇಕು. ಷಡ್ಜ ಹಾಡಿನ ನಡುವೆ ಅಲುಗಾಡಕೂಡದು. ಒಮ್ಮೆ ಆರಿಸಿದರೆ ಕೀಲಿ ಬಿದ್ದಂತಿರಲಿ. ಯಾವ ನಾಬ್‌ಗೆ ಆಟೊಮೇಷನ್ ಬೇಡವೆಂದು ಗುರುತು ಹಾಕುವ ಅವಕಾಶ ವಿಎಸ್‌ಟಿಯಲ್ಲೇ ಇದೆ. ಆರಿಸುವುದೂ ನಮ್ಮವರು ಹೇಳುವ ಹಾಗೆ ಇರಲಿ. ನಮ್ಮ ಹಾಡುಗಾರ ತನ್ನ ಶ್ರುತಿಯನ್ನು ಡಿ ಶಾರ್ಪ್ ಎನ್ನುವುದಿಲ್ಲ, ಕರಿ ಎರಡು ಎನ್ನುತ್ತಾನೆ. ಷಡ್ಜ ಗೊತ್ತಾದ ಮೇಲೆ ಒಳಗಿನ ಲೆಕ್ಕವೆಲ್ಲ ಷಡ್ಜದಿಂದ ಎಣಿಸಿದ ಸ್ವರಗಳಲ್ಲೇ ನಡೆಯಬೇಕು. ಆಗ ಕರಿ ಎರಡರಲ್ಲಿ ಹಾಡಿದ್ದನ್ನು ದನಿ ಕಟ್ಟಿದೆಯೆಂದು ಬಿಳಿ ಒಂದಕ್ಕೆ ಇಳಿಸಿ ಮತ್ತೆ ಹಾಡಿದರೂ ಸ್ವರಕ್ಕೆ ಸ್ವರವಾಗಿ ಬರೆದ ಆಟೊಮೇಷನ್ ಹಾಗೆಯೇ ಸಲ್ಲುತ್ತದೆ.

ಸ್ವರಗಳ ಆಯ್ಕೆಗೆ ಮೆನು ಬೇಡ, ಹನ್ನೆರಡು ಗುಂಡಿ ಸಾಕು. ಹಿಡಿಯಬೇಕಾದ ಸ್ವರದ ಗುಂಡಿ ಹೊತ್ತಿರಲಿ, ಉಳಿದವು ಆರಿರಲಿ. ಭಜನೆಗಳಲ್ಲಿ ಎಲ್ಲೆಲ್ಲೂ ಇರುವ ಭೈರವಿಯಲ್ಲಿ ಇದರ ಉಪಯೋಗ ಕಾಣುತ್ತದೆ. ಹಾಡುವ ರೂಢಿಯಲ್ಲಿ ಭೈರವಿಗೆ ಹನ್ನೆರಡೂ ಸ್ವರ ಬರುತ್ತವೆ. ಏಳೇ ಸ್ವರದ ಸ್ಕೇಲ್ ಹಾಕಿದರೆ ಬೇಕೆಂದೇ ತಂದ ಶುದ್ಧ ರಿಷಭ ಕೋಮಲಕ್ಕೆ ಕುಸಿಯುತ್ತದೆ. ಹನ್ನೆರಡನ್ನೂ ಹಾಕಿದರೆ ಪ್ರತಿ ಜಾರಿನಲ್ಲೂ ಮೆಟ್ಟಿಲು. ಷಡ್ಜ, ಮಧ್ಯಮ, ಪಂಚಮ ಮಾತ್ರ ಹೊತ್ತಿಸಿ, ಹಾಡುಗಾರ ಅಲ್ಲಿ ಬಂದು ನಿಂತಾಗಷ್ಟೇ ಚಕ್ರ ಒತ್ತಿದರೆ ಭೈರವಿ ಭೈರವಿಯಾಗಿಯೇ ಉಳಿಯುತ್ತದೆ.

ಹಳ್ಳಿಯ ಸ್ಟುಡಿಯೊಗೆ ಇಷ್ಟೆಲ್ಲ ಪುರಸೊತ್ತೆಲ್ಲಿದೆ, ಒಂದೇ ದಿನದಲ್ಲಿ ಟ್ರ್ಯಾಕ್, ದನಿ, ಮಿಕ್ಸಿಂಗ್ ಮುಗಿಸಿ ಕೊಡಬೇಕು ಎನ್ನುತ್ತಾರೆ. ಆ ಒತ್ತಡ ನಿಜ. ಆದರೆ ಆಸರೆಯ ಚಕ್ರವನ್ನು ನಡೆಸಲು ಬೇಕಾದ ಹೊತ್ತು ಹಾಡಿನ ಉದ್ದದಷ್ಟೇ. ಐದು ನಿಮಿಷದ ಹಾಡಿಗೆ ಐದು ನಿಮಿಷ. ತಪ್ಪಿದರೆ ಇನ್ನೊಂದು ಸಲ. ಪರದೆಯ ಮೇಲೆ ಗೆರೆ ನೆಟ್ಟಗೆ ಮಾಡುತ್ತ ಕೂರುವುದಕ್ಕಿಂತ ಎಷ್ಟೋ ಬೇಗ. ಜಾತ್ರೆಯ ಪೆಂಡಾಲಿನಲ್ಲಿ ಮಿಕ್ಸರ್ ಮುಂದೆ ಕೂತು, ಹಾಡುಗಾರ ದನಿ ಎತ್ತಿದಾಗ ಫೇಡರ್ ಇಳಿಸಿ, ಮೆತ್ತಗಾದಾಗ ಏರಿಸುವ ಹುಡುಗರ ಕೈ ನಮ್ಮಲ್ಲಿ ಚೆನ್ನಾಗಿ ಪಳಗಿದೆ. ಅವರೇ ಸ್ಟುಡಿಯೊ ಬಾಗಿಲು ಹಾಕಿಕೊಂಡು ಕೂತಾಗ ಆ ಕೈಗೆ ಕೆಲಸ ಕೊಡದಿರುವುದು ಪ್ಲಗಿನ್ ರೂಪಿಸಿದವರು ಮಾಡಿದ ಅನ್ಯಾಯ. ಹಳ್ಳಿಯವರಿಗೆ ಸರಳವಾಗಿರಲಿ ಎಂಬ ನೆಪದಲ್ಲಿ ನಾಬ್‌ಗಳನ್ನು ಮರೆಮಾಡಿ, ಸಿದ್ಧ ಪ್ರಿಸೆಟ್‌ಗಳ ಸಾಲು ಕೊಟ್ಟು ಕೈ ಕಟ್ಟಿಹಾಕುವ ವಿನ್ಯಾಸವನ್ನು ನಾನು ಸರಳ ಎನ್ನಲಾರೆ. ನಾನು ಕೇಳುತ್ತಿರುವುದೂ ಒಂದೇ ಹಿಡಿಕೆಯನ್ನು, ಆದರೆ ಅದು ನಡೆಯುವಂಥದ್ದಾಗಿರಬೇಕು. ಇದನ್ನು ಕಟ್ಟಲು ಬೇಕಾದ ಸಾಮಗ್ರಿ ಈಗ ಮುಕ್ತವಾಗಿ ಸಿಗುತ್ತದೆ. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ, ಮನೆಯಲ್ಲಿ ಭಜನೆ ಕೇಳಿ ಬೆಳೆದ ಮಕ್ಕಳು ಇದಕ್ಕೆ ಕೈ ಹಾಕಲಿ ಎಂದು ನನ್ನ ಮನಸಾರೆ ಆಸೆ.

ಹಾಗೆ ಕಟ್ಟುವವರು ಪರೀಕ್ಷೆಗೆ ಶಾಸ್ತ್ರೀಯ ಗಾಯನವನ್ನಷ್ಟೇ ಇಟ್ಟುಕೊಳ್ಳಬಾರದು. ನಮ್ಮ ಕಡೆಯ ಹರದೇಶಿ–ನಾಗೇಶಿ ಗೀಗೀ ಪದಗಳನ್ನೂ ಹಚ್ಚಿ ನೋಡಲಿ. ಮುಮ್ಮೇಳದ ಹಾಡುಗಾರನ ಸಾಲಿನ ಕೊನೆಯ ಸ್ವರವನ್ನು ಹಿಮ್ಮೇಳದವರು ಹಿಡಿದು ಗೀ ಗೀ ಎಂದು ಎತ್ತುತ್ತಾರೆ. ಆ ಎರಡು ಮೂರು ದನಿಗಳು ಎಂದೂ ಒಂದೇ ಸ್ಥಾನದಲ್ಲಿ ಇರುವುದಿಲ್ಲ. ಕೆಲವೇ ಸೆಂಟ್‌ಗಳ ಅಂತರದಲ್ಲಿ ಒಂದರ ಪಕ್ಕ ಒಂದು ನಿಲ್ಲುತ್ತವೆ, ಅದರಿಂದಲೇ ಆ ಕೂಗಿಗೆ ದಪ್ಪ ಬರುತ್ತದೆ, ತುಂತುಣಿ ದಪ್ಪುಗಳ ಸದ್ದನ್ನು ದಾಟಿ ಕೇಳಿಸುತ್ತದೆ. ಪ್ರತಿಯೊಬ್ಬರಿಗೂ ಬೇರೆ ಮೈಕ್ ಇಟ್ಟು, ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಸ್ವರಕ್ಕೆ ಎಳೆದರೆ ಮೂವರು ಹಾಡಿದ್ದು ಒಬ್ಬನೇ ಹಾಡಿದಂತಾಗುತ್ತದೆ. ಹನ್ನೆರಡು ಸ್ವರವೋ ಇಪ್ಪತ್ತೆರಡು ಶ್ರುತಿಯೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಹಿಮ್ಮೇಳದ ಟ್ರ್ಯಾಕ್‌ಗಳಿಗೆ ಪ್ಲಗಿನ್ ಹಾಕಲೇಬಾರದು.